ಬಿಯೆನ್ ಹೋವಾದ ಮಣ್ಣು: ಯುದ್ಧ ನಿಂತು 50 ವರ್ಷ, ಅಗೆತ ಇನ್ನೂ ನಿಂತಿಲ್ಲ

ಹೋ ಚಿ ಮಿನ್ ನಗರದ ಪಕ್ಕದ ಬಿಯೆನ್ ಹೋವಾ ವಾಯುನೆಲೆಯಲ್ಲಿ ಯುದ್ಧಕಾಲದ ಸಸ್ಯನಾಶಕದಿಂದ ವಿಷವಾದ ಸುಮಾರು 5 ಲಕ್ಷ ಘನ ಮೀಟರ್ ಮಣ್ಣಿದೆ. ವಿಯೆಟ್ನಾಂ ಯುದ್ಧ ಮುಗಿದದ್ದು 1975ರಲ್ಲಿ. ಅಲ್ಲಿನ ಶುದ್ಧೀಕರಣ ಯೋಜನೆಗೆ ಚಾಲನೆ ಸಿಕ್ಕಿದ್ದು 2019ರಲ್ಲಿ.

1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ದಕ್ಷಿಣ ವಿಯೆಟ್ನಾಮಿನ ಕಾಡು, ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕ ಸುರಿದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಏಜೆಂಟ್ ಆರೆಂಜ್. 208 ಲೀಟರ್ ಡ್ರಮ್ಮಿನ ಸುತ್ತ ಬಳಿದಿದ್ದ ಕಿತ್ತಳೆ ಪಟ್ಟಿಯಿಂದ ಬಂದ ಹೆಸರದು. ಒಳಗಿದ್ದದ್ದು 2,4-ಡಿ ಮತ್ತು 2,4,5-ಟಿ, ಸಮಪಾಲು. 2,4-ಡಿ ನಮ್ಮ ಕಬ್ಬು ಬೆಳೆಗಾರರಿಗೂ ಪರಿಚಿತ ಕಳೆನಾಶಕ. ತೊಂದರೆ ಎರಡನೆಯದರದ್ದು. ಅದನ್ನು ತಯಾರಿಸುವಾಗ ತಾಪ ಮಿತಿಮೀರಿದರೆ ಟಿಸಿಡಿಡಿ ಎಂಬ ಅತಿ ವಿಷಕಾರಿ ಡಯಾಕ್ಸಿನ್ ಹುಟ್ಟಿ ಅದರೊಳಗೇ ಉಳಿಯುತ್ತದೆ. ಯುದ್ಧದ ಬೇಡಿಕೆಗೆ ತಕ್ಕಂತೆ ಅವಸರದಲ್ಲಿ ತಯಾರಾದ ಸರಕಿನಲ್ಲಿ ಅದು ಧಾರಾಳವಾಗಿತ್ತು.

ಏಜೆಂಟ್ ಆರೆಂಜ್ ಎಂದೊಡನೆ ಬೋಳಾದ ಕಾಡಿನ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಎಲೆಯ ಮೇಲೆ ತೆಳ್ಳಗೆ ಬಿದ್ದ ಡಯಾಕ್ಸಿನ್ ಬಿಸಿಲಿಗೆ ಬೇಗ ಒಡೆಯುತ್ತದೆ. ಮಣ್ಣಿನಾಳಕ್ಕೆ ಇಳಿದದ್ದು ದಶಕಗಟ್ಟಲೆ ಉಳಿಯುತ್ತದೆ. ಹಾಗೆ ಇಳಿದದ್ದು ಹೆಚ್ಚಾಗಿ ವಾಯುನೆಲೆಗಳಲ್ಲಿ: ಡ್ರಮ್ ಪೇರಿಸಿಟ್ಟ ಕಡೆ, ಪಂಪಿನಿಂದ ವಿಮಾನಕ್ಕೆ ತುಂಬಿದ ಕಡೆ, ಟ್ಯಾಂಕು ತೊಳೆದ ಕಡೆ. ಅಲ್ಲಿಂದ ಮಳೆನೀರಿನ ಜೊತೆ ಕೆರೆಯ ಹೂಳಿಗೆ, ಹೂಳಿನಿಂದ ಮೀನು, ಬಾತುಕೋಳಿಗಳ ಕೊಬ್ಬಿಗೆ, ಕೊನೆಗೆ ತಾಯಿಯ ಹಾಲಿಗೆ. ಮನುಷ್ಯನ ಮೈಯಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕು. 1990ರ ದಶಕದಲ್ಲಿ ಮಧ್ಯ ವಿಯೆಟ್ನಾಮಿನ ‘ಆ ಲೂಯ್’ ಎಂಬ ಕಣಿವೆಯ ಮಣ್ಣು ಪರೀಕ್ಷಿಸಿದಾಗಲೇ ಈ ಜಾಡು ಸಿಕ್ಕಿತ್ತು. ಎಂದರೆ ಎಲ್ಲಿ ಅಗೆಯಬೇಕೆಂಬುದು ಆಗಲೇ ಗೊತ್ತಿತ್ತು.

ಇಂಥದೇ ಇನ್ನೊಂದು ಹಳೆಯ ವಾಯುನೆಲೆ, ಮಧ್ಯ ವಿಯೆಟ್ನಾಮಿನ ಡಾ ನಾಂಗ್ ವಿಮಾನ ನಿಲ್ದಾಣದಲ್ಲಿ ಕೆಲಸ ಶುರುವಾದದ್ದು 2012ರಲ್ಲಿ. ಅಲ್ಲಿ ಮಣ್ಣಿಗೆ ನಿಗದಿಯಾದ ಮಿತಿ ಟನ್ನಿಗೆ 1 ಮಿಲಿಗ್ರಾಂ; ಸಿಕ್ಕ ಗರಿಷ್ಠ ಪ್ರಮಾಣ 365 ಮಿಲಿಗ್ರಾಂ. ಸಾಗಿಸಿ ಬೇರೆಲ್ಲೋ ಹೂತರೆ ವಿಷ ಜಾಗ ಬದಲಿಸುತ್ತದೆ, ಅಷ್ಟೇ. ಹಾಗಾಗಿ ಮಣ್ಣನ್ನು ಕಾಯಿಸುವ ದಾರಿ ಹಿಡಿದರು. ಕಾಂಕ್ರೀಟ್ ಗೋಡೆಗಳ ನಡುವೆ ಮಣ್ಣು ಮತ್ತು ಹೂಳನ್ನು ತುಂಬಿ, ಸಾವಿರಕ್ಕೂ ಹೆಚ್ಚು ವಿದ್ಯುತ್ ಹೀಟರ್ ಕೊಳವೆಗಳನ್ನು ಇಳಿಸಿ, ಮೇಲೆ ಶಾಖ ಹೊರಹೋಗದ ಮುಚ್ಚಳ ಹಾಕಿದರು. ರಾಶಿಯ ತಾಪ ಸುಮಾರು 335 ಡಿಗ್ರಿಗೆ ಏರಬೇಕು, ಅಲ್ಲೇ ಮೂರು ವಾರ ನಿಲ್ಲಬೇಕು. ಆಗ ಡಯಾಕ್ಸಿನ್ನಿನ ಬಹುಪಾಲು ಮಣ್ಣಿನಲ್ಲೇ ಒಡೆದುಹೋಗುತ್ತದೆ. ಆವಿಯಾಗಿ ಹೊರಟದ್ದನ್ನು ಎಳೆದು, ತಣಿಸಿ, ಸಕ್ರಿಯ ಇಂಗಾಲದ ಮೂಲಕ ಸೋಸುತ್ತಾರೆ.

ಕಾಡುವುದು ತೇವ. ಮಣ್ಣಿನಲ್ಲಿರುವ ನೀರೆಲ್ಲ ಆವಿಯಾಗುವ ತನಕ ತಾಪ 100 ಡಿಗ್ರಿ ದಾಟುವುದಿಲ್ಲ; ಕೆರೆಯ ಹೂಳಿನಲ್ಲಂತೂ ನೀರೇ ಹೆಚ್ಚು. ಒಂದೊಂದು ರಾಶಿ ಕಾಯಲು ತಿಂಗಳುಗಟ್ಟಲೆ ಹಿಡಿಯಿತು. ಎರಡು ಹಂತಗಳಲ್ಲಿ 90,000 ಘನ ಮೀಟರ್ ಕಾಯಿಸಿ 2018ರಲ್ಲಿ ಮುಗಿಸುವಷ್ಟರಲ್ಲಿ ಖರ್ಚಾದದ್ದು 11 ಕೋಟಿ ಡಾಲರಿಗೂ ಹೆಚ್ಚು. ದುಬಾರಿ, ನಿಜ. ಆದರೆ ಆಗದ ಕೆಲಸವಲ್ಲ ಎಂಬುದು ಸಾಬೀತಾಯಿತು.

ಮನುಷ್ಯರ ಲೆಕ್ಕ ಇಷ್ಟು ನೇರವಾಗಿಲ್ಲ. ಅಮೆರಿಕ 1991ರಲ್ಲಿ ಕಾಯ್ದೆ ತಂದು, ಪಟ್ಟಿ ಮಾಡಿದ ಕಾಯಿಲೆಗಳು ಮಾಜಿ ಸೈನಿಕರಿಗೆ ಬಂದರೆ ಏಜೆಂಟ್ ಆರೆಂಜೇ ಕಾರಣವೆಂದು ಭಾವಿಸಿ ಪರಿಹಾರ ಕೊಡಲು ಒಪ್ಪಿತು. ಒಬ್ಬೊಬ್ಬರೂ ಪ್ರತ್ಯೇಕವಾಗಿ ರುಜುವಾತು ಮಾಡಬೇಕಿಲ್ಲ. ವಿಯೆಟ್ನಾಮಿನ ಸಂತ್ರಸ್ತರು ಅಮೆರಿಕದ ನ್ಯಾಯಾಲಯದಲ್ಲಿ ಹೂಡಿದ ದಾವೆ 2005ರಲ್ಲಿ ವಜಾ ಆಯಿತು. ರಾಸಾಯನಿಕ ಒಂದೇ, ಅಳತೆಗೋಲು ಎರಡು.

ಬಿಯೆನ್ ಹೋವಾದ ಕೆಲಸ ಡಾ ನಾಂಗಿಗಿಂತ ಎಷ್ಟೋ ಪಟ್ಟು ದೊಡ್ಡದು. 2025ರ ಆರಂಭದಲ್ಲಿ ಅಮೆರಿಕದ ವಿದೇಶಿ ನೆರವು ತಡೆಹಿಡಿದಾಗ, ಅಗೆದ ಗುಂಡಿಗಳನ್ನು ತೆರೆದಂತೆಯೇ ಬಿಟ್ಟು ಕೆಲವು ವಾರ ಕೆಲಸ ನಿಲ್ಲಿಸಬೇಕಾಯಿತು. ಮಳೆಗಾಲಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಪಕ್ಕದಲ್ಲೇ ಹರಿಯುವ ಡಾಂಗ್ ನಾಯ್ ನದಿಯ ನೀರನ್ನೇ ಹೋ ಚಿ ಮಿನ್ ನಗರದ ಲಕ್ಷಾಂತರ ಜನ ಕುಡಿಯುತ್ತಾರೆ.