ಆಫೀಸ್ ಕಂಪ್ಯೂಟರಿನಲ್ಲಿ ನಕ್ಷೆ: ಪೋರ್ಟಬಲ್ ಯಾಕೆ ಓಡಲಿಲ್ಲ?

ಹಂಪನಕಟ್ಟೆಯ ನಮ್ಮ ಆಫೀಸಿಗೆ ಒಂದು ನಕ್ಷೆ ಬೇಕಿತ್ತು. ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಹೊರಗೆ ಓಡುವುದು ಅಂತ ತೋರಿಸುವಂಥದ್ದು. ಎ3 ಹಾಳೆ, ಲಿಫ್ಟ್ ಪಕ್ಕದ ಗೋಡೆಗೆ. ಕೆಲಸ ನನ್ನ ತಲೆಗೆ ಬಿತ್ತು. ಏನೇ ಇನ್‌ಸ್ಟಾಲ್ ಮಾಡಲು ಹೋದರೂ ಪಾಸ್‌ವರ್ಡ್ ಕೇಳುತ್ತದೆ, ಪೆನ್‌ಡ್ರೈವ್ ಬಂದ್. ಪೇಂಟ್‌ನಲ್ಲಿ ಬಿಡಿಸಿ ದೊಡ್ಡದು ಮಾಡಿದರೆ ಓರೆ ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲು. ಹಾಗಾಗಿ ವೆಕ್ಟರ್, ಅಂದರೆ ಎಷ್ಟು ಹಿಗ್ಗಿಸಿದರೂ ಗೆರೆ ನುಣುಪಾಗಿಯೇ ಉಳಿಯುವ ಚಿತ್ರ, ಬೇಕೇ ಬೇಕು.

ಎರಡು ಬೀಗ

ನಾನು ಎಡವಿದ್ದು ಇಲ್ಲಿ. ವೆಕ್ಟರ್ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಅನ್ನು ಇನ್‌ಸ್ಟಾಲ್ ಮಾಡದೆ, ಸುಮ್ನೆ ಬಿಚ್ಚಿ ಓಡಿಸಬಹುದು. ಇದಕ್ಕೇ ಪೋರ್ಟಬಲ್ ಅನ್ನುವುದು. ಅಡ್ಮಿನ್ ಪಾಸ್‌ವರ್ಡ್ ಬೇಡ, ಅಂದ ಮೇಲೆ ಓಡುತ್ತದೆ ಅಂದುಕೊಂಡೆ. ಕ್ಲಿಕ್ ಮಾಡಿದರೆ 'ಅಡ್ಮಿನಿಸ್ಟ್ರೇಟರ್ ತಡೆದಿದ್ದಾರೆ' ಅಂತ ಬಂತು. ಡೌನ್‌ಲೋಡ್ಸ್‌ನಿಂದ ಡೆಸ್ಕ್‌ಟಾಪ್‌ಗೆ ಹಾಕಿದೆ, ಅಲ್ಲಿಂದ ಡಾಕ್ಯುಮೆಂಟ್ಸ್‌ಗೆ. ಅದೇ ಮಾತು. ಐಟಿಯವರು ನಕ್ಕರು: "ಅಡ್ಮಿನ್ ಬೇಡ ಅಂದ್ರೆ ಓಡ್ತದೆ ಅಂತ ಯಾರು ಹೇಳಿದ್ದು ಮಾರಾಯ್ರೆ?"

ಬೀಗ ಎರಡಿವೆ. ಮೊದಲನೆಯದು, ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಬರೆಯಲು ಅಡ್ಮಿನ್ ಬೇಕು. ಪೋರ್ಟಬಲ್ ತಪ್ಪಿಸಿಕೊಳ್ಳುವುದು ಇದರಿಂದ ಮಾತ್ರ. ಎರಡನೆಯದು ಓಡಿಸುವ ಹೊತ್ತಿನದು. ಯಾವ ಪ್ರೋಗ್ರಾಂ ಓಡಬಹುದು ಅಂತ ತೀರ್ಮಾನಿಸುವ, ವಿಂಡೋಸ್‌ನ ಆ್ಯಪ್‌ಲಾಕರ್‌ನಲ್ಲಿ ಮೊದಲೇ ಸಿದ್ಧವಿರುವ ನಿಯಮ ಹಾಕಿದರೆ, ಸಾಮಾನ್ಯ ಬಳಕೆದಾರರಿಗೆ ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಇರುವ ಪ್ರೋಗ್ರಾಂ ಮಾತ್ರ ಓಡುತ್ತದೆ. ಈಗ ಎರಡನ್ನೂ ಜೋಡಿಸಿ ನೋಡಿ: ನಾನು ಫೈಲ್ ಇಡಬಹುದಾದ ಕಡೆ ಅದು ಓಡುವುದಿಲ್ಲ. ಓಡುವ ಕಡೆ ನಾನು ಇಡುವ ಹಾಗಿಲ್ಲ. ಇದನ್ನು ಕಾಗದದ ಮೇಲೆ ಎರಡು ಚೌಕ ಹಾಕಿ ನೋಡಿದ ಮೇಲೆಯೇ ನನಗೆ ಹೊಳೆದದ್ದು. ಹಾಗಾಗಿ 'ಯಾವ ಸಾಫ್ಟ್‌ವೇರ್ ಒಳ್ಳೆಯದು' ಅಂತ ಹುಡುಕಿ ಪ್ರಯೋಜನವಿಲ್ಲ. ಈಗಾಗಲೇ ಒಳಗೆ ಏನಿದೆ, ಅದನ್ನು ನೋಡಬೇಕು.

ಬ್ರೌಸರಿನಲ್ಲೇ ಚಿತ್ರ ಬಿಡಿಸುವ ಡ್ರಾ.ಐಒ ಸೈಟ್ ತೆರೆದುಕೊಂಡಿತು, ಫೈಲನ್ನು ನಮ್ಮ ಕಂಪ್ಯೂಟರಿನಲ್ಲೇ ಉಳಿಸಬಹುದು. ಆದರೆ ನಕ್ಷೆಯಲ್ಲಿ ಸರ್ವರ್ ರೂಮ್ ಇದೆ. ಕೇಳದೆ ಹೊರಗಿನ ಸೈಟಿನಲ್ಲಿ ಬಿಡಿಸಲು ಮನಸ್ಸಾಗಲಿಲ್ಲ.

ಪವರ್‌ಪಾಯಿಂಟ್ ಸಾಕು

ನಗಬೇಡಿ. ಅದರ ಆಕಾರಗಳೆಲ್ಲ ವೆಕ್ಟರೇ. ಉದ್ದ ಅಗಲ ಸೆಂಟಿಮೀಟರಿನಲ್ಲಿ ಟೈಪ್ ಮಾಡಬಹುದು. 1 ಮೀಟರಿಗೆ 2 ಸೆಂ.ಮೀ. ಅಂತ ಇಟ್ಟುಕೊಂಡೆ. ನಮ್ಮ ಹಾಲ್ 18 ಮೀಟರ್, ಅಂದರೆ 36 ಸೆಂ.ಮೀ. ಸ್ಲೈಡ್ ಸೈಜ್‌ನಲ್ಲಿ ಎ3 ಆರಿಸಿದೆ. ಗೋಡೆ ಸ್ಲೈಡಿನಿಂದ ಹೊರಗೆ ಚಾಚಿತು! ಅಳತೆ ತಪ್ಪಿತೇನೋ ಅಂತ ಟೇಪ್ ಹಿಡಿದು ಮತ್ತೆ ಹಾಲ್ ಅಳೆದದ್ದೂ ಆಯಿತು. ತಪ್ಪು ನನ್ನದಲ್ಲ. ಪವರ್‌ಪಾಯಿಂಟ್ ಹೇಳುವ ಎ3 ಬರೀ 35.56 × 26.67 ಸೆಂ.ಮೀ., ನಿಜವಾದ ಎ3 42 × 29.7. ಕಸ್ಟಮ್‌ಗೆ ಹೋಗಿ ಅಂಕಿಗಳನ್ನು ಕೈಯಾರೆ ಹಾಕಿ.

ಇನ್ನೊಂದು, ಪಿಎನ್‌ಜಿ ಚಿತ್ರವಾಗಿ ಉಳಿಸಲು ಹೋಗಬೇಡಿ. ಮಾಮೂಲಿ ಅಗಲದ ಸ್ಲೈಡ್ 1280 × 720 ಪಿಕ್ಸೆಲ್ ಆಗಿ ಹೊರಬರುತ್ತದೆ. ಎ3ಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 77 ಪಿಕ್ಸೆಲ್, ಮಬ್ಬು. ಪಿಡಿಎಫ್ ಆಗಿ ಉಳಿಸಿದರೆ ಗೆರೆ ಗೆರೆಯಾಗಿಯೇ ಇರುತ್ತದೆ. ಪ್ರಿಂಟ್ ಮಾಡುವಾಗ 'ಫಿಟ್' ಬೇಡ, 'ಆ್ಯಕ್ಚುವಲ್ ಸೈಜ್' ಇರಲಿ. ನಾನು ಹಾಳೆಯ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಹಾಲ್ ಸರಿಯಾಗಿ 36 ಸೆಂ.ಮೀ. ಇತ್ತು.