ಮೀನು ತರುವ ಮೊದಲು ನೀರು ಸಾಕಿ

ಐದು ತಿಂಗಳು ಚೆನ್ನಾಗಿದ್ದ ಮೀನುಗಳು ಒಂದೇ ದಿನದಲ್ಲಿ ಹೋದವು. ಅದು ಮೇ ತಿಂಗಳು. ಕಾರವಾರದ ನಮ್ಮ ಮನೆಯ ಬಾವಿ ತಳ ಕಂಡಿತ್ತು. ಇದ್ದ ನೀರೂ ಸ್ವಲ್ಪ ಉಪ್ಪುಪ್ಪು. ಕಾಳಿ ನದಿ ಕಡಲು ಸೇರುವ ಜಾಗದ ಹತ್ತಿರ ಬೇಸಿಗೆಯಲ್ಲಿ ಹೀಗಾಗುವುದು ಹೊಸದಲ್ಲ. ಅದಕ್ಕೆ ನಲ್ಲಿ ನೀರು ಹಿಡಿದು, ಕ್ಲೋರಿನ್ ಹೋಗಲಿ ಎಂದು ಒಂದು ದಿನ ಬಕೆಟ್‌ನಲ್ಲಿಟ್ಟು, ಟ್ಯಾಂಕಿನ ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಗಪ್ಪಿಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸಂಜೆಯೊಳಗೆ ಹನ್ನೊಂದರಲ್ಲಿ ಎರಡೇ ಉಳಿದವು. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿತ್ತು.

ಏನಾಯಿತು ಅಂತ ಅರ್ಥವಾಗಲು ನನಗೆ ವರ್ಷವೇ ಹಿಡಿಯಿತು. ಈಗ ಶಿರಸಿಯಲ್ಲಿರುವ ಅಕ್ಕನ ಮಗಳು ತನ್ನ ಮೊದಲ ಟ್ಯಾಂಕ್ ಇಡುತ್ತಿದ್ದಾಳೆ. ಅವಳಿಗೆ ಹಾಗಾಗಬಾರದು ಎಂದು ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯಾ ಹೊರಗೆ ಬರುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ, ಇವುಗಳಿಂದಲೂ ಅದೇ. ಹೊಳೆಯಲ್ಲಾದರೆ ಹರಿದು ಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲಿ ನಮ್ಮ ಕೈ ಹಿಡಿಯುವವು ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಮೀನಿನ ರಕ್ತಕ್ಕೆ ಸೇರಿ ಅದನ್ನು ಕಂದು ಮಾಡುತ್ತದೆ, ಆಮ್ಲಜನಕ ಹೊರುವ ಶಕ್ತಿ ಕಳೆಯುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ. ಗಿಡಗಳು ಹೀರುತ್ತವೆ, ಉಳಿದದ್ದನ್ನು ವಾರಕ್ಕೊಮ್ಮೆ ನೀರು ಬದಲಿಸಿ ನಾವು ತೆಗೆಯಬಹುದು.

ಈ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ. ಎರಡು ಹಂತಕ್ಕೂ ಬೇರೆ ಬೇರೆ ಬ್ಯಾಕ್ಟೀರಿಯಾನೇ ಬೇಕು ಎಂದು ನೂರಕ್ಕೂ ಹೆಚ್ಚು ವರ್ಷ ನಂಬಿದ್ದರು. 2015ರಲ್ಲಿ ಎರಡೂ ಕೆಲಸವನ್ನು ಒಂದೇ ಮಾಡುವ ನೈಟ್ರೋಸ್ಪೈರಾ ಸಿಕ್ಕಿತು. ಅದು ಸಿಕ್ಕಿದ ಜಾಗಗಳಲ್ಲಿ ಒಂದು, ಮೀನು ಸಾಕುವ ವ್ಯವಸ್ಥೆಯ ಫಿಲ್ಟರ್! ನಮ್ಮ ಫಿಲ್ಟರಿನ ಸ್ಪಂಜಿನೊಳಗೂ ಇಂಥ ಜೀವಿಗಳೇ ಕುಳಿತು ಕೆಲಸ ಮಾಡುತ್ತಿವೆ ಎಂದು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಹಾಗಾಗಿ ಟ್ಯಾಂಕ್ ತಂದ ದಿನವೇ ಮೀನು ತರಬೇಡಿ. ಮೊದಲು ಫಿಲ್ಟರ್ ಓಡಲಿ. ಬ್ಯಾಕ್ಟೀರಿಯಾಕ್ಕೆ ಊಟವಾಗಿ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಕರಾವಳಿಯ ಮನೆಗಳಲ್ಲಿ ಒಂದು ಹಸಿ ಸಿಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಬಿಟ್ಟರೂ ಆಗುತ್ತದೆ. ಅದು ಕೊಳೆತು ಅಮೋನಿಯಾ ಬರುತ್ತದೆ. ಯಾರದ್ದಾದರೂ ಆರೋಗ್ಯವಾಗಿರುವ ಹಳೆಯ ಟ್ಯಾಂಕಿನ ಸ್ಪಂಜಿನ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಆದರೆ ಮೊಸರು ಒಂದು ರಾತ್ರಿಯಲ್ಲಿ ಆಗುತ್ತದೆ, ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕಾರಣ ಇದೆ. ಮೊಸರಿನ ಬ್ಯಾಕ್ಟೀರಿಯಾಕ್ಕೆ ಹಾಲಿನಲ್ಲಿ ಸಕ್ಕರೆ ಸಿದ್ಧವಾಗಿ ಸಿಗುತ್ತದೆ. ಇವು ಅಮೋನಿಯಾದಿಂದ ಬರುವ ಒಂದಿಷ್ಟು ಶಕ್ತಿಯಲ್ಲಿ, ಕಾರ್ಬನ್ ಡೈಆಕ್ಸೈಡ್‌ನಿಂದ ತಮ್ಮ ಮೈಯನ್ನು ತಾವೇ ಕಟ್ಟಿಕೊಳ್ಳಬೇಕು. ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕಾಗುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಕಿಟ್ ಕೊಳ್ಳಿ. ದುಬಾರಿ ಅನ್ನಿಸಬಹುದು, ಆದರೆ ಅಲಂಕಾರದ ಗೊಂಬೆ, ಬಣ್ಣದ ಕಲ್ಲು ಬಿಟ್ಟಾದರೂ ಇದನ್ನು ಕೊಳ್ಳಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನಿಂತ ದಿನ ನಿಮ್ಮ ನೀರು ಸಿದ್ಧ.

ಮೊದಲ ವಾರದಲ್ಲೇ ಅವಳ ಫೋನ್ ಬಂತು. "ಮಾವ, ನೀರು ಹಾಲಿನ ಹಾಗೆ ಬೆಳ್ಳಗಾಗಿದೆ. ಚೆಲ್ಲಿ ಬಿಡ್ಲಾ?"

"ಬೇಡ ಪುಟ್ಟಿ, ಸುಮ್ನೆ ಬಿಡು" ಎಂದೆ. ಹೊಸ ಟ್ಯಾಂಕಿನಲ್ಲಿ ಕೊಳೆ ತಿನ್ನುವ ಬೇರೆ ಜಾತಿಯ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಾದಾಗ ಹೀಗಾಗುತ್ತದೆ. ಕೆಲವು ದಿನದಲ್ಲಿ ತಾನೇ ತಿಳಿಯಾಗುತ್ತದೆ. ಹಾಗೇ ಆಯಿತು.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಎಂದು ಎಲ್ಲರೂ ಕೇಳುತ್ತಾರೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ ಇದ್ದರೆ 54 ಲೀಟರ್. ಇದಕ್ಕಿಂತ ಚಿಕ್ಕದು ಬೇಡ. ನೀರು ಕಡಿಮೆಯಿದ್ದಷ್ಟೂ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ತುಂಬಿದ ಮೇಲೆ ಗಾಜು, ಕಲ್ಲು ಸೇರಿ 60 ಕಿಲೋ ದಾಟುತ್ತದೆ. ಗಟ್ಟಿ ಮೇಜು ಬೇಕು, ಕಿಟಕಿಯ ಬಿಸಿಲು ಬೀಳಬಾರದು. ಬಿಸಿಲು ಬಿದ್ದರೆ ಗಾಜಿನ ತುಂಬ ಪಾಚಿ.

ಈಗ ನನ್ನ ಮೇ ತಿಂಗಳ ಕಥೆಗೆ ಬರುತ್ತೇನೆ. ನಮ್ಮ ಜಿಲ್ಲೆಯ ಬಹಳ ಜನರಿಗೆ ಬೇಕಾದ ವಿಷಯ ಇದು.

ನಮ್ಮ ಕಡೆ ನೆಲ ಚಿರೇಕಲ್ಲು. 1800–01ರಲ್ಲಿ ಈ ಸೀಮೆಯಲ್ಲೆಲ್ಲ ತಿರುಗಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಂಥ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಲಕ್ಷಾಂತರ ವರ್ಷ ಸುರಿದ ಮಳೆ ಇಲ್ಲಿನ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಹಾಗಾಗಿ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿಯ ಕಡೆ. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಕೊಡುತ್ತದೆ. ಅಡುಗೆಗೆ ಬಹಳ ಒಳ್ಳೆಯ ನೀರು.

ಟ್ಯಾಂಕಿನಲ್ಲಿ ಅದಕ್ಕೊಂದು ತೊಡಕಿದೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ಬದಲಿಸುವಾಗ ಆಮ್ಲ ಉಂಟಾಗುತ್ತದೆ. ಗಡಸು ನೀರಿನಲ್ಲಿ ಸುಣ್ಣದ ಅಂಶ ಆ ಆಮ್ಲವನ್ನು ನುಂಗಿಕೊಳ್ಳುತ್ತದೆ. ಮೆದು ನೀರಿನಲ್ಲಿ ನುಂಗುವವರಿಲ್ಲ. ನೀರು ಹುಳಿಯಾದಷ್ಟೂ ಕಡಿಮೆಯಾಗುವ ಪಿಎಚ್ ಎಂಬ ಅಳತೆ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾದ ಕೆಲಸ ಬಹಳ ನಿಧಾನವಾಗುತ್ತದೆ, ಅಮೋನಿಯಾ ಸೇರುತ್ತಾ ಹೋಗುತ್ತದೆ. ನಾನು ಐದು ತಿಂಗಳು ಆವಿಯಾದಷ್ಟು ನೀರು ತುಂಬುತ್ತಿದ್ದೆ, ಬದಲಿಸುತ್ತಿರಲಿಲ್ಲ. ಹಾಗಾದರೆ ಮೀನು ಆಗಲೇ ಯಾಕೆ ಸಾಯಲಿಲ್ಲ?

ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚುಕಡಿಮೆ ಎಲ್ಲವೂ ಅಮೋನಿಯಂ ಎಂಬ ರೂಪದಲ್ಲಿರುತ್ತದೆ. ಅದು ಕಿವಿರಿನೊಳಗೆ ಸುಲಭವಾಗಿ ನುಗ್ಗುವುದಿಲ್ಲ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 6 ಇದ್ದರೆ ವಿಷದ ರೂಪದಲ್ಲಿರುವುದು ಹತ್ತು ಸಾವಿರಕ್ಕೆ ಸುಮಾರು 6 ಭಾಗ. ಪಿಎಚ್ 7ಕ್ಕೆ ಬಂದರೆ ಸಾವಿರಕ್ಕೆ 6. 8ಕ್ಕೆ ಬಂದರೆ ನೂರಕ್ಕೆ 5ಕ್ಕಿಂತ ಹೆಚ್ಚು. ನೀರು ಬಿಸಿಯಾದರೆ ಇನ್ನೂ ಜಾಸ್ತಿ. ನಾನು ಹಾಕಿದ ನಲ್ಲಿ ನೀರಿನ ಪಿಎಚ್ ಜಾಸ್ತಿ ಇತ್ತು. ಒಂದೇ ಸಲಕ್ಕೆ ಅರ್ಧ ಟ್ಯಾಂಕ್ ಬದಲಿಸಿದಾಗ ತಿಂಗಳುಗಟ್ಟಲೆ ಸೇರಿ ಸುಮ್ಮನಿದ್ದ ಅಮೋನಿಯಂ ವಿಷವಾಗಿ ಎದ್ದಿತು. ಒಳ್ಳೆಯದಾಗಲಿ ಎಂದು ಹಾಕಿದ ನೀರೇ ಅವುಗಳನ್ನು ಕೊಂದಿತು. ಆ ಎರಡು ಮೀನು ಹೇಗೆ ಉಳಿದವೋ!

ಇದಕ್ಕೆ ಮದ್ದು ನಮ್ಮ ತೀರದಲ್ಲೇ ಇದೆ. ಅಘನಾಶಿನಿ ಅಳಿವೆಯ ಬಳಚು ಎಂಬ ಚಿಪ್ಪುಮೀನು ಯಾರಿಗೆ ಗೊತ್ತಿಲ್ಲ? ಸಾರು ಮಾಡಿದ ಮೇಲೆ ಉಳಿಯುವ ಚಿಪ್ಪನ್ನು ಚೆನ್ನಾಗಿ ತಿಕ್ಕಿ, ಕುದಿಸಿ, ಒಣಗಿಸಿ, ಒಡೆದು ಒಂದು ಹಿಡಿಯಷ್ಟು ಫಿಲ್ಟರಿನಲ್ಲಿಡಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಾದಾಗ ಕರಗುತ್ತದೆ, ಹುಳಿ ಕಡಿಮೆಯಾದಾಗ ಕರಗುವುದೂ ನಿಲ್ಲುತ್ತಾ ಬರುತ್ತದೆ. ಯಾವ ಬಾಟಲಿ ಔಷಧಕ್ಕಿಂತಲೂ ಇದು ಮೇಲು ಎಂಬುದು ನನ್ನ ಅನುಭವ. ಜೊತೆಗೆ ವಾರಕ್ಕೆ ಕಾಲು ಭಾಗ ನೀರು ಬದಲಿಸಿ, ತಪ್ಪಿಸಬೇಡಿ. ನಲ್ಲಿ ನೀರಾದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೊಡುವ ಹನಿ ಹಾಕಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಮೀನು ಆರಿಸುವಾಗಲೂ ನೀರನ್ನೇ ಕೇಳಬೇಕು. ಗಪ್ಪಿಗೆ ಗಡಸು ನೀರು ಹಿಡಿಸುತ್ತದೆ. ಅದು ದಕ್ಷಿಣ ಅಮೆರಿಕದ ಉತ್ತರ ತುದಿಯ ಮೀನು. 1866ರಲ್ಲಿ ಟ್ರಿನಿಡಾಡ್‌ನಿಂದ ಲಂಡನ್ನಿಗೆ ಕಳಿಸಿದ ಲೆಚ್‌ಮಿಯರ್ ಗಪ್ಪಿಯವರ ಹೆಸರೇ ಅದಕ್ಕೆ ನಿಂತಿತು. ಚಿಪ್ಪು ಹಾಕಿದ ಕಾರವಾರದ ಟ್ಯಾಂಕಿನಲ್ಲಿ ಈಗ ಗಪ್ಪಿ ಸುಖವಾಗಿದೆ. ಗಂಡು ಮಾತ್ರ ತನ್ನಿ. ಹೆಣ್ಣು ಗಪ್ಪಿ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಮೆದು ನೀರು ಬೇಕಾದದ್ದು ನಿಯಾನ್ ಟೆಟ್ರಾಕ್ಕೆ, ಅದು ಅಮೆಜಾನ್ ಸೀಮೆಯದು. ಶಿರಸಿಗೆ ಅದೇ ಸರಿ, ಫಿಲ್ಟರಿನಲ್ಲಿ ಎರಡು ಮೂರು ತುಂಡು ಚಿಪ್ಪು ಸಾಕು. ಆದರೆ ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ರಾತ್ರಿಗೆ 50 ವ್ಯಾಟಿನ ಹೀಟರ್ ಬೇಕೇ ಬೇಕು, ನೀರು 24ರಿಂದ 26 ಡಿಗ್ರಿಯಲ್ಲಿರಲಿ. ಕರಾವಳಿಯಲ್ಲಿ ಹೀಟರ್ ಬೇಡ. ಅಲ್ಲಿ ಕಷ್ಟ ಬೇಸಿಗೆಯದ್ದು, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಏರ್ ಪಂಪ್ ಓಡುತ್ತಿರಲಿ.

ಟ್ಯಾಂಕ್ ಕ್ಲೀನ್ ಮಾಡುತ್ತದೆ ಎಂದು ಸಕ್ಕರ್ ಮೀನು ಕೊಡಲು ಬರುತ್ತಾರೆ. ದಯವಿಟ್ಟು ಬೇಡ. ಬೆರಳುದ್ದದ ಆ ಮರಿ ಒಂದು ಅಡಿ ದಾಟುತ್ತದೆ. ಆಮೇಲೆ ಜನ ಅದನ್ನು ಹೊಳೆಗೆ ಬಿಡುತ್ತಾರೆ. ಭಾರತದ ಹಲವು ಕಡೆ ಅದು ಹೊಳೆ, ಕೆರೆಗಳಲ್ಲಿ ನೆಲೆ ನಿಂತು ಊರ ಮೀನುಗಳ ಜಾಗ ಕಸಿಯುತ್ತಿದೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೇರೆಲ್ಲೂ ಇಲ್ಲದ ಮೀನುಗಳಿವೆ. ಕಾಳಿಗೋ ಶಾಲ್ಮಲೆಗೋ ಟ್ಯಾಂಕಿನ ಮೀನು ಬಿಡುವುದು ಎಂದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ. ಆಗ ಊಟ ಹಾಕಬೇಡಿ. ಮಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಿರಿ, ಗಾಳಿ ಬೆರೆಯುತ್ತದೆ. ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಆ ಗಾಳಿ ಬೇಕು. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಂಡರೆ ರಾತ್ರಿ ನಿದ್ದೆ ಬರುತ್ತದೆ.

ಶಿರಸಿಯ ಟ್ಯಾಂಕಿನಲ್ಲಿ 37ನೇ ದಿನ ಎರಡೂ ಸೊನ್ನೆ ತೋರಿಸಿತು. ಅವಳು ಆರು ನಿಯಾನ್ ತಂದಳು. ಚೀಲವನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ಟ್ಯಾಂಕಿನ ನೀರು ಬೆರೆಸಿ, ಅಂಗಡಿಯ ನೀರು ಸೇರದ ಹಾಗೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಟ್ಟಳು. ಮರುದಿನ ಬೆಳಕು ಹರಿಯುವ ಮೊದಲೇ ಫೋನ್. "ಮಾವ, ಎಲ್ಲದರ ನೀಲಿ ಬಣ್ಣ ಹೋಗಿದೆ! ಬೂದಿಯ ಹಾಗಿವೆ. ಸಾಯ್ತವಾ?"

"ಇಲ್ಲ. ಅವು ರಾತ್ರಿ ಹಾಗೇ ಇರುತ್ತವೆ. ಚರ್ಮದ ಸಣ್ಣ ಹರಳುಗಳಿಂದ ಬರುವ ಬಣ್ಣ ಅದು, ಕತ್ತಲಲ್ಲಿ ಮಂಕಾಗುತ್ತದೆ. ದೀಪ ಹಾಕಿ ಸ್ವಲ್ಪ ಹೊತ್ತು ಕೂತು ನೋಡು."

ಫೋನ್ ಇಡದೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಬಂತು ಮಾವ, ಒಂದಕ್ಕೆ ಬಂತು" ಎಂದಳು.