ಮೆಟಲರ್ಜಿಕಲ್ ಎಂಜಿನಿಯರ್ ಎಂದರೆ ಯಾರು? ಕೆಲಸ ಎಲ್ಲಿ ಸಿಗುತ್ತದೆ?

ಅದಿರಿನಿಂದ ಲೋಹವನ್ನು ಬೇರ್ಪಡಿಸುವುದು, ಬೇಕಾದ ಧಾತುಗಳನ್ನು ಬೆರೆಸಿ ಮಿಶ್ರಲೋಹ ಮಾಡುವುದು, ಕಾಯಿಸಿ ತಣಿಸಿ ಅದಕ್ಕೆ ಹದ ಕೊಡುವುದು, ಮುರಿದುಬಿದ್ದರೆ ಏಕೆ ಮುರಿಯಿತೆಂದು ಹೇಳುವುದು. ಇಷ್ಟೂ ಮೆಟಲರ್ಜಿಕಲ್ ಎಂಜಿನಿಯರ್, ಅಂದರೆ ಲೋಹಶಾಸ್ತ್ರದ ಎಂಜಿನಿಯರ್ ಮಾಡುವ ಕೆಲಸ.

ಈ ಹೆಸರು ಕೇಳಿದೊಡನೆ ಊದುಕುಲುಮೆ ಕಣ್ಣಮುಂದೆ ಬರುವುದು ಸಹಜ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ತಯಾರಿಕೆ ಆರಂಭವಾದ ನಾಡು ನಮ್ಮದು. ಇಂದು ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ, ಹಟ್ಟಿ ಚಿನ್ನದ ಗಣಿ, ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಬೆಳಗಾವಿಯ ಫೌಂಡ್ರಿಗಳು ಇವರಿಗೆ ಕೆಲಸ ಕೊಡುವ ತಾಣಗಳು. ಆದರೆ ನನ್ನ ಮಟ್ಟಿಗೆ ಈ ವೃತ್ತಿಯ ಸ್ವಾರಸ್ಯ ಇರುವುದು ಕುಲುಮೆಯಿಂದ ದೂರದ ಪ್ರಯೋಗಾಲಯದಲ್ಲಿ.

ಒಂದು ಯಂತ್ರದ ಶಾಫ್ಟ್ ಮುರಿಯಿತು ಎನ್ನಿ. ಮುರಿದ ಮುಖದ ಮೇಲೆ ಅಲೆ ಸರಿದ ಮರಳಿನಂತೆ ಬಾಗಿದ ಗೆರೆಗಳಿದ್ದರೆ, ಬಿರುಕು ದಿನೇದಿನೇ ಬೆಳೆದಿದೆ ಎಂದರ್ಥ. ಅದು ಒಮ್ಮೆಲೇ ಬಿದ್ದ ಭಾರದ ತಪ್ಪಲ್ಲ. ಮುಂದೆ ಒಂದು ತುಣುಕು ಕತ್ತರಿಸಿ, ಎಮರಿ ಕಾಗದದಲ್ಲಿ ಉಜ್ಜಿ, ಬಟ್ಟೆಯ ಮೇಲೆ ಕನ್ನಡಿಯಂತಾಗುವವರೆಗೆ ಹೊಳಪು ಕೊಟ್ಟು, ಮದ್ಯಸಾರದಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ ಸವರಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಶೇ 0.4ರಷ್ಟು ಇಂಗಾಲವಿರುವ ಅದೇ ಉಕ್ಕು, ನಿಧಾನವಾಗಿ ತಣಿದಿದ್ದರೆ ಒಂದು ವಿನ್ಯಾಸ, ಕಾದು ಕೆಂಪಾದಾಗ ನೀರಿಗೆ ಅದ್ದಿದ್ದರೆ ಮಾರ್ಟೆನ್‌ಸೈಟ್ ಎಂಬ ಸೂಜಿಯಂಥ ಇನ್ನೊಂದು ವಿನ್ಯಾಸ. ಎರಡನೆಯದು ಗಡಸು, ಆದರೆ ಪೆಡಸು. ಮತ್ತೆ ಹದವಾಗಿ ಕಾಯಿಸದೆ ಬಳಸಿದ್ದರೆ ತಪ್ಪು ಶಾಖೋಪಚಾರ, ಅಂದರೆ ಕಾಯಿಸಿ ತಣಿಸುವ ವಿಭಾಗದ್ದು. ಇದನ್ನು ಓದಬಲ್ಲವರು ವಾಹನ, ರೈಲು, ವಿಮಾನ, ತೈಲ ಕೊಳವೆ, ಎಲ್ಲ ಉದ್ಯಮಗಳಿಗೂ ಬೇಕು. ಬೆಂಗಳೂರಿನ ಎಚ್‌ಎಎಲ್‌ಗೆ ತನ್ನದೇ ಫೌಂಡ್ರಿ ಮತ್ತು ಫೋರ್ಜ್ (ಕಾದ ಲೋಹವನ್ನು ಬಡಿದು ರೂಪ ಕೊಡುವ) ವಿಭಾಗವಿದೆ. ಜೆಟ್ ಎಂಜಿನ್ ರೂಪಿಸುವ ಜಿಟಿಆರ್‌ಇ ಕೂಡ ಇದೇ ಊರಿನಲ್ಲಿದೆ.

ಓದಲು ಸುರತ್ಕಲ್‌ನ ಎನ್‌ಐಟಿಕೆ ಇದೆ, ಅಲ್ಲಿ ಬಿ.ಟೆಕ್ ಪ್ರವೇಶ ಜೆಇಇ ಮೇನ್ ಮೂಲಕ, ಸಿಇಟಿ ಮೂಲಕವಲ್ಲ. ಮೇಲಿನ ವ್ಯಾಸಂಗಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಎಂಜಿನಿಯರಿಂಗ್ ಪದವೀಧರರ ರಾಷ್ಟ್ರಮಟ್ಟದ ಪರೀಕ್ಷೆಯಾದ ಗೇಟ್‌ನಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪತ್ರಿಕೆಯಿದ್ದು, ಅದರ ಅಂಕ ಸ್ನಾತಕೋತ್ತರ ಪ್ರವೇಶಕ್ಕೂ ಕೆಲವು ಸಾರ್ವಜನಿಕ ಉದ್ದಿಮೆಗಳ ನೇಮಕಕ್ಕೂ ಬಳಕೆಯಾಗುತ್ತದೆ.

ಹುದ್ದೆಗಳ ಸಂಖ್ಯೆಯನ್ನು ಕಂಪ್ಯೂಟರ್ ಸೈನ್ಸ್‌ಗೆ ಹೋಲಿಸಿದರೆ ನಿರಾಸೆ ಖಂಡಿತ. ಈ ವಿಭಾಗದಲ್ಲಿ ಓದಿ ಸಾಫ್ಟ್‌ವೇರ್‌ಗೆ ಹೋದವರೂ ಬೇಕಾದಷ್ಟು ಮಂದಿ. ಉಕ್ಕಿನ ಉದ್ಯಮವನ್ನೇ ಆರಿಸಿಕೊಂಡವರು ತೋರಣಗಲ್ಲು, ರೂರ್ಕೆಲಾ, ಜಮ್‌ಶೆಡ್‌ಪುರದಂಥ ಊರುಗಳಲ್ಲಿ, ರಾತ್ರಿ ಪಾಳಿಯಲ್ಲಿ, ಕುಲುಮೆಯ ಬಿಸಿಯಲ್ಲಿ ಮೊದಲ ಕೆಲವು ವರ್ಷ ಕಳೆಯಲು ತಯಾರಿರಬೇಕು.